ಕಡಲ ಕಾವಲಿಗೆ ತಲೆಮಾರುಗಳೇ ಬೇಕು

ಸೈನ್ಯ ಎಂದೊಡನೆ ಕನ್ನಡಿಗರಿಗೆ ಕೊಡಗು ನೆನಪಾಗುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಅದೇ ಮಕ್ಕಳನ್ನು ನೌಕಾಪಡೆಯ ಒಬ್ಬ ಅಧಿಕಾರಿಯ ಹೆಸರು ಹೇಳಿ ಎಂದರೆ ತಡವರಿಸುತ್ತಾರೆ. ದೊಡ್ಡವರ ಪಾಡೂ ಹೆಚ್ಚು ಬೇರೆಯಲ್ಲ. ದೇಶದ ಅತಿ ದೊಡ್ಡ ನೌಕಾನೆಲೆಗಳಲ್ಲಿ ಒಂದು ನಮ್ಮದೇ ಕಾರವಾರದಲ್ಲಿದ್ದರೂ, ದೇಶ ಕಾಯುವುದು ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಹಿಮದ ಬೆಟ್ಟ ಮತ್ತು ಮುಳ್ಳುತಂತಿಯ ಬೇಲಿ ಮಾತ್ರ.

ಇದಕ್ಕೆ ಚರಿತ್ರೆಯಲ್ಲೇ ಒಂದು ಕಾರಣವಿದೆ ಎಂದು ನನಗೆ ಅನ್ನಿಸುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಕರಾವಳಿಯನ್ನು ಈಸ್ಟ್ ಇಂಡಿಯಾ ಕಂಪನಿ ತಾನೇ ಇಟ್ಟುಕೊಂಡಿತು. ಒಡೆಯರಿಗೆ ಮರಳಿ ಸಿಕ್ಕ ಮೈಸೂರಿಗೆ ಒಂದು ಬಂದರೂ ಉಳಿಯಲಿಲ್ಲ. ಮುಂದೆ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. 1956ರ ಏಕೀಕರಣದವರೆಗೆ, ಅಂದರೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ, ಮೈಸೂರು ರಾಜ್ಯಕ್ಕೆ ಕಡಲೇ ಇರಲಿಲ್ಲ. ಅಷ್ಟು ಕಾಲ ಸಮುದ್ರಕ್ಕೆ ಬೆನ್ನು ಹಾಕಿ ಆಳಿದ ರಾಜಧಾನಿಗೆ ಹಡಗಿನ ಚಿಂತೆ ಬರುವುದಾದರೂ ಹೇಗೆ?

ಮೊದಲು ಹೀಗಿರಲಿಲ್ಲ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ, ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಂದಿಗೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ್ದನ್ನು ಹೊಗಳಿದ್ದಾನೆ. ವಿಜಯನಗರದ ಹೊತ್ತಿಗೆ ಚಿತ್ರ ಬದಲಾಗಿತ್ತು. ಆ ಸಾಮ್ರಾಜ್ಯದ ಕಾಲಾಳು, ಆನೆ, ಕುದುರೆಯ ಲೆಕ್ಕ ಕಂಡು ವಿದೇಶಿ ಪ್ರವಾಸಿಗಳು ಬೆರಗಾಗಿದ್ದರು. ಆದರೆ ಆ ಕುದುರೆಗಳು ಬರುತ್ತಿದ್ದುದು ಅರಬ್ ಮತ್ತು ಪರ್ಷಿಯಾ ನಾಡುಗಳಿಂದ, ಕಡಲ ಮೇಲೆ, ಭಟ್ಕಳ ಮತ್ತು ಗೋವೆಯ ಬಂದರುಗಳಿಗೆ. 1510ರಲ್ಲಿ ಪೋರ್ಚುಗೀಸರು ಗೋವೆ ಹಿಡಿದರು. ಅವರ ನೆರವಿಗೆ ನಿಂತವನು ಹೊನ್ನಾವರ ಕಡೆಯ ತಿಮ್ಮೋಜ. ತಮ್ಮ ಪರವಾನಗಿ ಚೀಟಿ ಇಲ್ಲದ ಹಡಗನ್ನು ಪೋರ್ಚುಗೀಸರು ಹಿಡಿಯುತ್ತಿದ್ದರು. ಕೃಷ್ಣದೇವರಾಯನಂಥ ಅರಸನೂ ತನ್ನ ಅಶ್ವದಳಕ್ಕೆ ಬೇಕಾದ ಕುದುರೆಗಾಗಿ ಅವರೊಂದಿಗೆ ಮಾತುಕತೆ ನಡೆಸಬೇಕಾಯಿತು. ನೆಲದ ಸೈನ್ಯದ ಜೀವನಾಡಿ ಕಡಲಿನಲ್ಲಿ ಬೇರೆಯವರ ಕೈಗೆ ಸಿಕ್ಕಿತ್ತು.

ಇದರ ಮರ್ಮ ಹೈದರಾಲಿಗೆ ಅರ್ಥವಾಗಿತ್ತು. ಅವನು ಮಂಗಳೂರಿನಲ್ಲಿ ಹಡಗು ಕಟ್ಟಿಸಿದ. 1780ರಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಬಂದು ಅಲ್ಲಿದ್ದ ಹಡಗುಗಳನ್ನು ನಾಶ ಮಾಡಿದ. ಮಗ ಟಿಪ್ಪು 1796ರಲ್ಲಿ ಹೊಸ ನೌಕಾಪಡೆಗೆ ವಿವರವಾದ ಆಜ್ಞೆ ಹೊರಡಿಸಿ, ಹಡಗಿನ ಅಳತೆ, ಸಿಬ್ಬಂದಿ, ಫಿರಂಗಿಗಳವರೆಗೆ ಬರೆಸಿದ. ಕಾಡಿನ ಮರವಿತ್ತು, ದುಡ್ಡಿತ್ತು, ಛಲವೂ ಇತ್ತು. ಇಲ್ಲದಿದ್ದದ್ದು ಕಾಲ. ಮೂರೇ ವರ್ಷದಲ್ಲಿ ಅವನ ಕಥೆ ಮುಗಿಯಿತು. ಪದಾತಿ ದಳವನ್ನು ಒಂದೆರಡು ವರ್ಷದಲ್ಲಿ ತಯಾರು ಮಾಡಬಹುದು. ಹಡಗು ಕಟ್ಟುವ ಬಡಗಿ, ಅದನ್ನು ನಡೆಸುವ ಕಪ್ತಾನ, ಅವನ ಕೈಕೆಳಗೆ ಪಳಗಿದ ನಾವಿಕರು, ದುರಸ್ತಿಗೆ ಹಡಗುಕಟ್ಟೆ, ಇವೆಲ್ಲ ಒಟ್ಟಿಗೆ ಕೂಡಿ ಬರಲು ಒಂದು ತಲೆಮಾರಾದರೂ ಬೇಕು. ಯುದ್ಧ ಬಂದಾಗ ನೌಕಾಪಡೆ ಕಟ್ಟುತ್ತೇವೆ ಎನ್ನುವುದು ಆಗದ ಮಾತು.

ಸ್ವತಂತ್ರ ಭಾರತವೂ ಇದನ್ನು ನಿಧಾನವಾಗಿಯೇ ಕಲಿಯಿತು. ಭೂಸೇನೆಗೆ 1949ರ ಜನವರಿಯಲ್ಲೇ ಕಾರ್ಯಪ್ಪನವರು ಮೊದಲ ಭಾರತೀಯ ದಂಡನಾಯಕರಾದರು. ನೌಕಾಪಡೆಗೆ ರಾಮದಾಸ್ ಕಟಾರಿ ಮೊದಲ ಭಾರತೀಯ ಮುಖ್ಯಸ್ಥರಾದದ್ದು 1958ರಲ್ಲಿ. ಆ ಒಂಬತ್ತು ವರ್ಷಗಳ ಅಂತರಕ್ಕೆ ಅಸಡ್ಡೆಯೊಂದೇ ಕಾರಣವಲ್ಲ. ಇಡೀ ಪಡೆಯನ್ನು ನಡೆಸುವಷ್ಟು ಕಡಲಿನ ಅನುಭವವಿದ್ದ ಹಿರಿಯ ಭಾರತೀಯ ಅಧಿಕಾರಿಗಳನ್ನು ಬ್ರಿಟಿಷರು ಬೆಳೆಯಗೊಟ್ಟಿರಲಿಲ್ಲ. ಹಡಗುಗಳೂ ಬಹುಪಾಲು ಅವರು ಬಳಸಿ ಬಿಟ್ಟವೇ. 1957ರಲ್ಲಿ ಹಾಗೆ ಬಂದ ಒಂದು ಕ್ರೂಸರ್ ನೌಕೆಗೆ 'ಐಎನ್‌ಎಸ್ ಮೈಸೂರು' ಎಂದು ಹೆಸರಿಟ್ಟರು. ಮೈಸೂರು ರಾಜ್ಯಕ್ಕೆ ಕಡಲು ಮರಳಿ ಸಿಕ್ಕು ಆಗಿನ್ನೂ ವರ್ಷವಾಗಿರಲಿಲ್ಲ. ಅದರ ಲಾಂಛನದಲ್ಲಿ ನಮ್ಮ ಗಂಡಭೇರುಂಡವಿತ್ತು.

ಆ ಹಡಗು ನಮ್ಮದೇ ಕರಾವಳಿಯ ಕಾಳಗವೊಂದರಲ್ಲಿ ಪಾಲ್ಗೊಂಡಿತ್ತು. ಕಾರವಾರದ ಬಿಣಗಾ ತೀರದಿಂದ ಕಣ್ಣಳತೆಯಲ್ಲೇ ಇರುವ ಅಂಜದೀವ್ ದ್ವೀಪ 1961ರವರೆಗೂ ಪೋರ್ಚುಗೀಸರ ವಶದಲ್ಲಿತ್ತು. ಅವರು ಅಲ್ಲಿ ಕೋಟೆ ಕಟ್ಟಲು ಶುರು ಮಾಡಿದ್ದು 1505ರಲ್ಲಿ. 1961ರ ನವೆಂಬರಿನಲ್ಲಿ ಆ ದ್ವೀಪದಿಂದ 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಕೆಲವೇ ದಿನಗಳಲ್ಲಿ ಮೀನುಗಾರರ ದೋಣಿಯ ಮೇಲೂ ಗುಂಡು ಬಿದ್ದು ಒಬ್ಬ ಮೀನುಗಾರ ಸತ್ತ. ಗೋವಾ ವಿಮೋಚನೆಯ ಭಾಗವಾಗಿ ಡಿಸೆಂಬರ್ 18ರಂದು 'ಮೈಸೂರು' ಮತ್ತು 'ತ್ರಿಶೂಲ್' ನೌಕೆಗಳು ದ್ವೀಪಕ್ಕೆ ಬಂದವು. ನಾವಿಕರೇ ದೋಣಿಯಲ್ಲಿ ದಡಕ್ಕಿಳಿದು ಕಾದಾಡಿದರು. ನಮ್ಮ ಏಳು ಮಂದಿ ಅಲ್ಲಿ ಪ್ರಾಣ ಕೊಟ್ಟರು. ಗೋವಾ ವಿಮೋಚನೆಯನ್ನು ಸ್ಮರಿಸುವಾಗ ಈ ಏಳು ಜನರ ಹೆಸರು ಕಾರವಾರದಾಚೆ ಅಷ್ಟಾಗಿ ಕೇಳಿಬರುವುದಿಲ್ಲ. ನನಗೆ ಇದು ನೋವಿನ ಸಂಗತಿ.

1965ರ ಯುದ್ಧದಲ್ಲಿ ನೌಕಾಪಡೆ ಅವಮಾನ ನುಂಗಿತು. ಸೆಪ್ಟೆಂಬರ್ 7ರ ನಡುರಾತ್ರಿಯ ಹೊತ್ತಿಗೆ ಪಾಕಿಸ್ತಾನದ ಹಡಗುಗಳು ದ್ವಾರಕೆಯ ತೀರಕ್ಕೆ ಬಂದು ಗುಂಡು ಸುರಿಸಿ ಹೋದವು. ಹಾನಿ ಹೆಚ್ಚಾಗಲಿಲ್ಲ, ಮರ್ಯಾದೆ ಹೋಯಿತು. ವಿಮಾನವಾಹಕ ನೌಕೆ 'ವಿಕ್ರಾಂತ್' ದುರಸ್ತಿಯಲ್ಲಿತ್ತು. ಪೋರಬಂದರಿನಿಂದ ಉತ್ತರಕ್ಕೆ ದಾಳಿಗೆ ಹೋಗಕೂಡದು ಎಂಬ ಸರ್ಕಾರದ ಕಟ್ಟಪ್ಪಣೆಯೂ ಇತ್ತು. ಮುಂದಿನ ಆರು ವರ್ಷ ನೌಕಾಪಡೆಯ ಅಧಿಕಾರಿಗಳು ಆ ರಾತ್ರಿಯನ್ನು ಮರೆಯಲಿಲ್ಲ.

1971ರ ಡಿಸೆಂಬರಿನ ಕರಾಚಿ ದಾಳಿಯ ಬಗ್ಗೆ ಎಲ್ಲರೂ ಸ್ವಲ್ಪ ಕೇಳಿರುತ್ತಾರೆ. ಅದು ಹೇಗೆ ಸಾಧ್ಯವಾಯಿತು ಎಂಬುದು ನನಗೆ ಹೆಚ್ಚು ಮುಖ್ಯ. ದಾಳಿ ಮಾಡಿದ್ದು ಸೋವಿಯತ್ ಒಕ್ಕೂಟದಿಂದ ತಂದ ಸಣ್ಣ ಕ್ಷಿಪಣಿ ದೋಣಿಗಳು. ಅಂಥ ದೋಣಿ ಹೇಗಿರುತ್ತದೆ ಎಂದು ನೋಡಬೇಕಿದ್ದರೆ ಕಾರವಾರದ ಠಾಗೋರ್ ಕಡಲತೀರಕ್ಕೆ ಹೋಗಿ. ಅಲ್ಲಿ ಮರಳಿನ ಮೇಲೆ ನಿಲ್ಲಿಸಿರುವ 'ಚಪಲ್' ಅದೇ ವಂಶದ್ದು, 1976ರಲ್ಲಿ ಬಂದ ಸುಧಾರಿತ ಮಾದರಿ. ಉದ್ದ 40 ಮೀಟರೂ ಇಲ್ಲ. ಎರಡೂ ಬದಿಗೆ ಎರಡೆರಡು ದಪ್ಪ ಕ್ಷಿಪಣಿ ಕೊಳವೆಗಳು, ಮುಂದೊಂದು ಹಿಂದೊಂದು ತೋಪು, ನಡುವೆ ಇಕ್ಕಟ್ಟಾದ ಕೋಣೆಗಳು. ಮಲ್ಪೆಯ ದೊಡ್ಡ ಟ್ರಾಲ್ ಬೋಟ್ ಕಂಡವರಿಗೆ ಇದು ಯುದ್ಧನೌಕೆಯೇ ಎಂದು ಸಂಶಯ ಬಂದರೆ ಆಶ್ಚರ್ಯವಿಲ್ಲ. ಸೋವಿಯತ್ತರು ಇದನ್ನು ಮಾಡಿದ್ದು ತಮ್ಮ ತೀರ ಕಾಯುವುದಕ್ಕೆ. ದೂರ ಹೋಗುವಷ್ಟು ಇಂಧನ ಇದರ ಹೊಟ್ಟೆಯಲ್ಲಿ ಹಿಡಿಯುವುದಿಲ್ಲ.

ಈ ದೋಣಿಗಳು ಭಾರತಕ್ಕೆ ಬಂದಾಗ ಅವನ್ನು ಸರಕು ಹಡಗಿನಿಂದ ಇಳಿಸುವಷ್ಟು ಶಕ್ತಿಯ ಕ್ರೇನ್ ಮುಂಬೈ ಬಂದರಿನಲ್ಲಿ ಇರಲಿಲ್ಲ. ಕೋಲ್ಕತ್ತದಲ್ಲಿ ಇಳಿಸಿ, ಇಡೀ ಪರ್ಯಾಯದ್ವೀಪವನ್ನು ಸುತ್ತಿ ದೊಡ್ಡ ಹಡಗುಗಳಿಂದ ಮುಂಬೈಗೆ ಎಳೆದು ತಂದರು. ಹಾಗೆ ತರುವಾಗಲೇ ತಿಳಿಯಿತು: ಇವನ್ನು ಎಳೆದುಕೊಂಡು ಎಷ್ಟು ದೂರ ಬೇಕಾದರೂ ಹೋಗಬಹುದು, ಶತ್ರುವಿನ ಬಾಗಿಲಲ್ಲಿ ಬಿಟ್ಟರೆ ಮುಂದಿನದನ್ನು ತಾವೇ ನೋಡಿಕೊಳ್ಳುತ್ತವೆ. ಆಗಿನ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಎಸ್. ಎಂ. ನಂದಾ ಕರಾಚಿಯ ಮನೋರಾದಲ್ಲೇ ಬೆಳೆದವರು. ಆ ಬಂದರಿನ ಮೂಲೆ ಮೂಲೆ ಅವರಿಗೆ ಗೊತ್ತಿತ್ತು.

ಡಿಸೆಂಬರ್ 4ರ ರಾತ್ರಿ 'ನಿಪಾತ್', 'ನಿರ್ಘಾತ್', 'ವೀರ್' ಎಂಬ ಮೂರು ದೋಣಿಗಳು ಹೊರಟವು. ಜೊತೆಗೆ ರಕ್ಷಣೆಗೆ 'ಕಿಲ್ತಾನ್' ಮತ್ತು 'ಕಚಾಲ್'. ಮುಂದಾಳು ಕಮಾಂಡರ್ ಬಬ್ರುಭಾನ್ ಯಾದವ್. ಇಡೀ ಯೋಜನೆ ಕತ್ತಲೆಯ ಮೇಲೆ ನಿಂತಿತ್ತು. ಬೆಳಗಾಗುವಷ್ಟರಲ್ಲಿ ಪಾಕಿಸ್ತಾನದ ವಿಮಾನಗಳಿಗೆ ಸಿಗದಷ್ಟು ದೂರ ಬಂದುಬಿಡಬೇಕು. 'ನಿರ್ಘಾತ್' ಬಿಟ್ಟ ಕ್ಷಿಪಣಿಗಳಿಗೆ 'ಖೈಬರ್' ಎಂಬ ಡಿಸ್ಟ್ರಾಯರ್ ಮುಳುಗಿತು. ಆ ಹಡಗಿನವರು ತಮ್ಮತ್ತ ಬರುತ್ತಿದ್ದ ಬೆಳಕನ್ನು ವಿಮಾನವೆಂದೇ ತಿಳಿದಿದ್ದರು, ಹಡಗಿನಿಂದ ಹಡಗಿಗೆ ಹಾರುವ ಕ್ಷಿಪಣಿಯನ್ನು ಅವರು ಕಂಡಿರಲಿಲ್ಲ. ಮೈನ್ ತೆಗೆಯುವ 'ಮುಹಾಫಿಜ್' ಕೂಡ ಹೋಯಿತು. ನಮ್ಮ ಕಡೆ ಒಬ್ಬನಿಗೂ ಗಾಯವಾಗಲಿಲ್ಲ. 8ರ ರಾತ್ರಿ ಮತ್ತೆ 'ವಿನಾಶ್' ಒಂದೇ ದೋಣಿ, ಎರಡು ಯುದ್ಧನೌಕೆಗಳ ಜೊತೆ ಹೋಗಿ ಕೀಮಾರಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿಯಿಟ್ಟಿತು. ಆಮೇಲೆ ಕರಾಚಿಗೆ ಹೋಗಲು ಬೇರೆ ದೇಶದ ವ್ಯಾಪಾರಿ ಹಡಗುಗಳು ಹಿಂಜರಿದವು.

ಇತ್ತ ಬಂಗಾಳ ಕೊಲ್ಲಿಯಲ್ಲಿ 'ವಿಕ್ರಾಂತ್'ನ ವಿಮಾನಗಳು ಚಿತ್ತಗಾಂಗ್ ಮತ್ತು ಕಾಕ್ಸ್ ಬಜಾರ್ ಬಂದರುಗಳ ಮೇಲೆ ಬಾಂಬು ಹಾಕುತ್ತಿದ್ದವು. ಅದನ್ನು ಬೇಟೆಯಾಡಲು ಬಂದ 'ಗಾಜಿ' ಜಲಾಂತರ್ಗಾಮಿ ವಿಶಾಖಪಟ್ಟಣದ ಹೊರಗೆ ಮುಳುಗಿಹೋಗಿತ್ತು. ಪೂರ್ವ ಪಾಕಿಸ್ತಾನದಲ್ಲಿದ್ದ ಸೈನ್ಯಕ್ಕೆ ಕಡಲ ದಾರಿಯಲ್ಲಿ ಮದ್ದುಗುಂಡೂ ಬರುವಂತಿರಲಿಲ್ಲ, ತಪ್ಪಿಸಿಕೊಂಡು ಹೋಗುವುದಕ್ಕೂ ಆಗುತ್ತಿರಲಿಲ್ಲ. ಢಾಕಾದಲ್ಲಿ ನಡೆದ ಶರಣಾಗತಿಯ ಪ್ರಸಿದ್ಧ ಫೋಟೋದಲ್ಲಿ ಭೂಸೇನೆಯವರೇ ಎದ್ದು ಕಾಣುತ್ತಾರೆ, ಅದು ಸಹಜವೇ. ಶರಣಾಗದೆ ಬೇರೆ ದಾರಿಯಿಲ್ಲ ಎಂಬ ಸ್ಥಿತಿ ತಂದವರಲ್ಲಿ ನೌಕಾಪಡೆಯ ಪಾಲು ದೊಡ್ಡದು.

ಅದೇ ಯುದ್ಧದ ಇನ್ನೊಂದು ರಾತ್ರಿಯನ್ನೂ ಹೇಳಲೇಬೇಕು. ಡಿಸೆಂಬರ್ 9ರಂದು ದೀವ್ ಬಳಿ ಜಲಾಂತರ್ಗಾಮಿ 'ಹಂಗೋರ್' ಬಿಟ್ಟ ಟಾರ್ಪಿಡೊ ತಗುಲಿ ನಮ್ಮ 'ಖುಕ್ರಿ' ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಕಡಲ ಪಾಲಾದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ತಮ್ಮ ಲೈಫ್ ಜಾಕೆಟ್ಟನ್ನು ಇನ್ನೊಬ್ಬರಿಗೆ ಕೊಟ್ಟು ಹಡಗಿನೊಂದಿಗೇ ಹೋದರು.

'ಖುಕ್ರಿ'ಗೆ ಆ ಜಲಾಂತರ್ಗಾಮಿ ಏಕೆ ಕಾಣಲಿಲ್ಲ? ನೀರಿನೊಳಗೆ ರೇಡಾರ್ ನಡೆಯುವುದಿಲ್ಲ, ಶಬ್ದವೇ ಕಣ್ಣು. ಹಡಗು ಶಬ್ದ ಬಿಡುತ್ತದೆ, ಮರುದನಿ ಬಂದರೆ ಅಲ್ಲೇನೋ ಇದೆ ಎಂದು ಲೆಕ್ಕ. ಇದು ಸೋನಾರ್. ಆದರೆ ನಮ್ಮ ಅರಬ್ಬಿ ಸಮುದ್ರದ ಮೇಲ್ಪದರ ಬಿಸಿ, ಕೆಳಗೆ ಹೋದಂತೆ ತಂಪು. ಪದರದಿಂದ ಪದರಕ್ಕೆ ಶಾಖ ಬದಲಾದಾಗ ಶಬ್ದ ನೇರ ಹೋಗದೆ ಕೆಳಕ್ಕೆ ಬಾಗುತ್ತದೆ. ಹಾಗಾಗಿ ತಂಪು ಪದರದ ಅಡಿಯಲ್ಲಿ ಸೇರಿಕೊಂಡ ಜಲಾಂತರ್ಗಾಮಿಗೆ ಮೇಲಿನ ಹಡಗು ಕೇಳಿಸುತ್ತದೆ, ಹಡಗಿಗೆ ಅದು ಕೇಳಿಸುವುದಿಲ್ಲ. ಉತ್ತರದ ತಣ್ಣನೆಯ ಕಡಲಿಗೆಂದು ಬ್ರಿಟಿಷರು ಮಾಡಿದ ಹಳೆಯ ಸೋನಾರ್ ನಮ್ಮ ನೀರಿನಲ್ಲಿ ಅರ್ಧ ಕುರುಡಾಗಿತ್ತು.

ಆ ಸಾವುಗಳು ನೌಕಾಪಡೆಯನ್ನು ಸುಮ್ಮನಿರಗೊಡಲಿಲ್ಲ. ಆರೋಗ್ಯಸ್ವಾಮಿ ಪೌಲ್‌ರಾಜ್ ಎಂಬ ಯುವ ನೌಕಾ ಅಧಿಕಾರಿ ಹಳೆಯ ಸೋನಾರ್ ಸುಧಾರಿಸುವ ಕೆಲಸಕ್ಕೆ ಇಳಿದರು. ಮುಂದೆ ಕೊಚ್ಚಿಯ ನೌಕಾ ಪ್ರಯೋಗಾಲಯದಲ್ಲಿ ಅವರ ತಂಡ, ನಮ್ಮ ಕಡಲಿಗೆ ಹೊಂದುವ 'ಅಪ್ಸೋ' ಎಂಬ ದೇಶೀ ಸೋನಾರ್ ರೂಪಿಸಿತು. 1980ರ ದಶಕದಲ್ಲಿ ಅದು ಹಡಗುಗಳಿಗೆ ಏರಿತು. ತಯಾರಿಸಿದ್ದು ಬೆಂಗಳೂರು ಮೂಲದ ಭಾರತ್ ಎಲೆಕ್ಟ್ರಾನಿಕ್ಸ್. ನಮ್ಮ ಯುದ್ಧನೌಕೆಗಳ ರೇಡಾರು, ಸೋನಾರುಗಳಲ್ಲಿ ಜಾಲಹಳ್ಳಿಯ ಕೈಕೆಲಸ ಇಂದಿಗೂ ಇದೆ. ಪೌಲ್‌ರಾಜ್ ಬೆಂಗಳೂರಿನಲ್ಲಿ ಸಂಶೋಧನಾ ಸಂಸ್ಥೆಗಳನ್ನು ಕಟ್ಟಿ, ಕೊನೆಗೆ ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಹೋದರು. ಅಲ್ಲಿ ಅವರು ಕಂಡುಕೊಂಡ ಮಿಮೋ ಎಂಬ ತಂತ್ರ, ಅಂದರೆ ಹಲವು ಆಂಟೆನಾಗಳಿಂದ ಏಕಕಾಲಕ್ಕೆ ಸಂಕೇತ ಕಳಿಸುವ ವಿದ್ಯೆ, ಈಗ 4ಜಿ ಮೊಬೈಲಿನಲ್ಲೂ ಮನೆಯ ವೈಫೈಯಲ್ಲೂ ಕೆಲಸ ಮಾಡುತ್ತಿದೆ. ರಕ್ಷಣೆಗೆ ಹಾಕಿದ ದುಡ್ಡು ದಂಡ ಎನ್ನುವವರು ಈ ದಾರಿಯನ್ನೊಮ್ಮೆ ಗಮನಿಸಬೇಕು.

ಹಡಗು ಕಟ್ಟುವ ವಿದ್ಯೆಯೂ ಹೀಗೇ ನಿಧಾನವಾಗಿ ಬಂದದ್ದು. 1972ರಲ್ಲಿ ಮುಂಬೈಯ ಮಜಗಾಂವ್ ಹಡಗುಕಟ್ಟೆ ಬ್ರಿಟಿಷ್ ನಕ್ಷೆ ಇಟ್ಟುಕೊಂಡು 'ನೀಲಗಿರಿ' ಕಟ್ಟಿತು. 1983ರ 'ಗೋದಾವರಿ' ಹೊತ್ತಿಗೆ ನಕ್ಷೆಯೂ ನಮ್ಮದಾಯಿತು. ಹೊಸ 'ವಿಕ್ರಾಂತ್'ಗೆ ಕೊಚ್ಚಿಯಲ್ಲಿ ತಳಪಾಯ ಹಾಕಿದ್ದು 2009ರಲ್ಲಿ, ಸೇವೆಗೆ ಸೇರಿದ್ದು 2022ರ ಸೆಪ್ಟೆಂಬರ್ 2ರಂದು. ಅದಕ್ಕೆ ಬೇಕಾದ ಉಕ್ಕು ರಷ್ಯಾದಿಂದ ಬರುವುದು ಕಷ್ಟವಾದಾಗ ಹೈದರಾಬಾದಿನ ಲೋಹ ಸಂಶೋಧನಾಲಯ ಮತ್ತು ಸರ್ಕಾರಿ ಉಕ್ಕು ಕಾರ್ಖಾನೆಗಳು ಸೇರಿ ಇಲ್ಲೇ ತಯಾರಿಸಿದವು. ಈಗ ಅದೇ ಉಕ್ಕು ಬೇರೆ ಯುದ್ಧನೌಕೆಗಳಿಗೂ ಹೋಗುತ್ತಿದೆ. ಹದಿಮೂರು ವರ್ಷ ಹಿಡಿಯಿತೆಂದು ಟೀಕಿಸಿದವರಿದ್ದಾರೆ. ನಾನು ಆ ಸಾಲಿನಲ್ಲಿಲ್ಲ. ಮೊದಲ ಸಲ ಇಷ್ಟು ದೊಡ್ಡದನ್ನು ಕಟ್ಟುವ ದೇಶಕ್ಕೆ ಅಷ್ಟು ಕಾಲ ಬೇಕೇ ಬೇಕು. ಕಟ್ಟಿ ಮುಗಿಸಿದ ಕೈಗಳಿಗೆ ಕೆಲಸವಿಲ್ಲದೆ ಆ ವಿದ್ಯೆ ಚದುರಿಹೋದೀತು ಎಂಬುದೇ ನಿಜವಾದ ಆತಂಕ. ಜಲಾಂತರ್ಗಾಮಿಯ ವಿಷಯದಲ್ಲಿ ಹಾಗೆ ಆಯಿತು. 1990ರ ದಶಕದಲ್ಲಿ ಮುಂಬೈಯಲ್ಲಿ ಎರಡನ್ನು ಕಟ್ಟಿ ನಿಲ್ಲಿಸಿದ ಮೇಲೆ ಮುಂದಿನದು ಸೇವೆಗೆ ಬರಲು 2017ರವರೆಗೆ ಕಾಯಬೇಕಾಯಿತು. ಕಲಿತವರು ಅಷ್ಟರಲ್ಲಿ ನಿವೃತ್ತರಾಗಿದ್ದರು.

ಇಷ್ಟೆಲ್ಲ ಯುದ್ಧದ ಮಾತಾಯಿತು. ನೌಕಾಪಡೆ ತನ್ನ ಆಯುಷ್ಯದ ಬಹುಪಾಲು ಯುದ್ಧವಿಲ್ಲದ ದಿನಗಳಲ್ಲೇ ದುಡಿಯುತ್ತದೆ, ಭೂಸೇನೆಗೂ ಅದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಪ್ರಮಾಣದ ಲೆಕ್ಕದಲ್ಲಿ ಭಾರತದ ವಿದೇಶ ವ್ಯಾಪಾರದ ಶೇ. 95ರಷ್ಟು ಸಾಗುವುದು ಸಮುದ್ರದಲ್ಲಿ. ನಾವು ಉರಿಸುವ ಕಚ್ಚಾ ತೈಲದ ಬಹುಪಾಲು ಹೊರಗಿನಿಂದಲೇ ಬರಬೇಕು. ಆಪತ್ಕಾಲಕ್ಕೆಂದು ಬಂಡೆ ಕೊರೆದು ನೆಲದಡಿ ತೈಲ ಕೂಡಿಟ್ಟಿರುವ ಮೂರು ಜಾಗಗಳಲ್ಲಿ ಎರಡು ನಮ್ಮಲ್ಲೇ ಇವೆ: ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್. ವಿಶಾಖಪಟ್ಟಣದ್ದನ್ನೂ ಸೇರಿಸಿದರೆ ಒಟ್ಟು 53.3 ಲಕ್ಷ ಟನ್. ಮೂರೂ ತುಂಬಿದ್ದರೆ ದೇಶಕ್ಕೆ ಸುಮಾರು ಒಂಬತ್ತೂವರೆ ದಿನ ಸಾಲುತ್ತದೆ. ಹತ್ತನೆಯ ದಿನಕ್ಕೆ ಹಡಗು ಬರಲೇಬೇಕು. ವಿಜಯನಗರಕ್ಕೆ ಕುದುರೆ ಹೇಗೋ ನಮಗೆ ತೈಲ ಹಾಗೆ.

ಅದಕ್ಕಾಗಿಯೇ 2008ರ ಅಕ್ಟೋಬರಿನಿಂದ ಏಡನ್ ಕೊಲ್ಲಿಯಲ್ಲಿ ನಮ್ಮ ಯುದ್ಧನೌಕೆಗಳು ಕಡಲ್ಗಳ್ಳರ ಮೇಲೆ ಕಣ್ಣಿಟ್ಟಿವೆ. 2024ರ ಮಾರ್ಚಿನಲ್ಲಿ ಸೊಮಾಲಿ ಕಡಲ್ಗಳ್ಳರು ಹಿಡಿದಿಟ್ಟುಕೊಂಡಿದ್ದ 'ರುಯೆನ್' ಸರಕು ಹಡಗನ್ನು 'ಕೋಲ್ಕತ್ತ' ನೌಕೆ ತಡೆಯಿತು. ವಾಯುಪಡೆಯ ವಿಮಾನದಿಂದ ನೌಕಾ ಕಮಾಂಡೊಗಳು ಸಮುದ್ರಕ್ಕೇ ಪ್ಯಾರಾಚೂಟಿನಲ್ಲಿ ಇಳಿದರು. ಸುಮಾರು 40 ಗಂಟೆಗಳಲ್ಲಿ 35 ಕಡಲ್ಗಳ್ಳರು ಶರಣಾದರು, 17 ಸಿಬ್ಬಂದಿ ಜೀವಂತ ಉಳಿದರು. ಆ ಹಡಗು ನಮ್ಮದಲ್ಲ, ಆ ಸಿಬ್ಬಂದಿಯೂ ನಮ್ಮವರಲ್ಲ. ದಾರಿ ಮಾತ್ರ ನಾವೂ ನಡೆಯುವ ದಾರಿ.

ದೂರದ ಕಡಲು ಕಾದವರಿಗೆ 2008ರ ನವೆಂಬರಿನಲ್ಲಿ ಹತ್ತಿರದ ತೀರ ಕೈಕೊಟ್ಟಿತು. ಕರಾಚಿಯಿಂದ ಹೊರಟ ಹತ್ತು ಭಯೋತ್ಪಾದಕರು 'ಕುಬೇರ್' ಎಂಬ ಮೀನುಗಾರಿಕೆ ಬೋಟನ್ನು ಅಪಹರಿಸಿ ಮುಂಬೈಗೆ ಬಂದರು. ಆಮೇಲೆ ತೀರದ ಹೊಣೆಯನ್ನು ಮರುವಿಂಗಡಿಸಿದರು. ಒಟ್ಟಾರೆ ಹೊಣೆ ನೌಕಾಪಡೆಗೆ, 12 ನಾಟಿಕಲ್ ಮೈಲಿಯೊಳಗಿನ ಕಡಲಿನದು ಕೋಸ್ಟ್ ಗಾರ್ಡಿಗೆ, ದಡದ ಸಮೀಪದ್ದು ಕರಾವಳಿ ಕಾವಲು ಪೊಲೀಸರಿಗೆ. ನಮ್ಮ ರಾಜ್ಯದಲ್ಲಿ ಅದರ ಕೇಂದ್ರ ಕಚೇರಿ ಮಲ್ಪೆಯಲ್ಲಿದೆ. ಸಾವಿರಾರು ದೋಣಿಗಳ ನಡುವೆ ಹೊಸದೊಂದನ್ನು ಗುರುತಿಸುವುದು ರೇಡಾರಿಗೆ ಕಷ್ಟ, ದಿನವೂ ಅಲ್ಲೇ ಬಲೆ ಬೀಸುವ ಮೊಗವೀರರಿಗೆ, ಖಾರ್ವಿಗಳಿಗೆ ಸುಲಭ. ಅವರು ಫೋನ್ ಎತ್ತಿ ಮಾತಾಡುವಷ್ಟು ವಿಶ್ವಾಸ ಉಳಿಸಿಕೊಳ್ಳುವುದು ದೇಶದ ರಕ್ಷಣೆಯ ಕೆಲಸವೇ.

ಆ ವಿಶ್ವಾಸದ ಪರೀಕ್ಷೆ ಅತಿ ಹೆಚ್ಚು ನಡೆಯುತ್ತಿರುವುದು ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ. 1971ರ ನಂತರ ಮುಂಬೈ ಬಂದರು ಸಾಲದೆಂದು ನೌಕಾಪಡೆಗೆ ಮನವರಿಕೆಯಾಗಿತ್ತು. ವ್ಯಾಪಾರಿ ಹಡಗುಗಳ ಇಕ್ಕಟ್ಟು ಒಂದು, ಪಾಕಿಸ್ತಾನಕ್ಕೆ ಹತ್ತಿರ ಎಂಬುದು ಇನ್ನೊಂದು. ಅಡ್ಮಿರಲ್ ಓ. ಎಸ್. ಡಾಸನ್ ಕಾರವಾರದತ್ತ ಬೆರಳು ತೋರಿಸಿದರು. ಹಿಂದೆ ಸಹ್ಯಾದ್ರಿ, ಮುಂದೆ ದ್ವೀಪಗಳ ಮರೆ, ದಡದ ಹತ್ತಿರವೇ ಆಳದ ನೀರು. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. ದುಡ್ಡಿನ ಅಡಚಣೆಯಿಂದ ಕೆಲಸ ವರ್ಷಗಟ್ಟಲೆ ನಿಂತಿತು. ಬನವಾಸಿಯ ಅರಸರ ಹೆಸರಿನ 'ಐಎನ್‌ಎಸ್ ಕದಂಬ' ನೆಲೆ ಉದ್ಘಾಟನೆಯಾದದ್ದು 2005ರ ಮೇ 31ರಂದು. ಏಳು ಮಂದಿ ಪ್ರಾಣ ಕೊಟ್ಟ ಅಂಜದೀವ್ ಈಗ ಕಲ್ಲಿನ ಅಲೆತಡೆಗೋಡೆಯಿಂದ ನೆಲಕ್ಕೆ ಸೇರಿದೆ. ಇಲ್ಲಿನ ಶಿಪ್‌ಲಿಫ್ಟ್ ದೇಶದಲ್ಲೇ ಮೊದಲನೆಯದು: ನೀರಿನೊಳಗೆ ವೇದಿಕೆ ಇಳಿಸಿ, ಹಡಗನ್ನು ಅದರ ಮೇಲೆ ತಂದು ನಿಲ್ಲಿಸಿ, ಹತ್ತು ಸಾವಿರ ಟನ್ ತೂಕದವರೆಗೂ ಮೇಲಕ್ಕೆತ್ತಿ, ಹಳಿಗಳ ಮೇಲೆ ಸರಿಸಿ ಒಣ ಅಂಗಳಕ್ಕೆ ಒಯ್ಯುತ್ತದೆ. ಅಲ್ಲಿ ತಳ ಕೆರೆದು, ಬಣ್ಣ ಹಚ್ಚಿ, ದುರಸ್ತಿ ಮಾಡುತ್ತಾರೆ. ಒಂದು ಹಡಗು ಕಡಲಿನಲ್ಲಿರಬೇಕಾದರೆ ಇನ್ನೊಂದು ದುರಸ್ತಿಯಲ್ಲಿ, ಮತ್ತೊಂದು ತರಬೇತಿಯಲ್ಲಿ ಇರುತ್ತದೆ ಎಂಬುದು ಎಲ್ಲ ನೌಕಾಪಡೆಗಳ ಹಳೆಯ ಲೆಕ್ಕ. ದುರಸ್ತಿ ಬೇಗ ಮುಗಿದಷ್ಟೂ ಕಡಲಿಗೆ ಹೆಚ್ಚು ಹಡಗುಗಳು ಸಿಗುತ್ತವೆ.

ಈ ನೆಲೆಗೆ ಅರ್ಗಾ, ಬಿಣಗಾ, ಚೆಂಡಿಯಾ ಕಡೆಯ ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೆಂಗಿನ ತೋಟ ಬಿಟ್ಟುಕೊಟ್ಟವು. ಮೀನುಗಾರರಿಗೆ ತಲೆತಲಾಂತರದಿಂದ ದೋಣಿ ಎಳೆಯುತ್ತಿದ್ದ ಮರಳ ದಂಡೆಯೇ ಹೋಯಿತು. ಜಿಲ್ಲೆಯಲ್ಲಿ ಅವರನ್ನು ಇಂದಿಗೂ ಈ ನೆಲೆಯ ಯೋಜನೆಯ ಹೆಸರಿನಿಂದ ಸೀಬರ್ಡ್ ನಿರಾಶ್ರಿತರೆಂದೇ ಕರೆಯುತ್ತಾರೆ. ನ್ಯಾಯವಾದ ಪರಿಹಾರಕ್ಕಾಗಿ ಅವರು ದಶಕಗಟ್ಟಲೆ ಕೋರ್ಟು, ಕಚೇರಿ ಅಲೆದರು. ಎಷ್ಟೋ ಹಿರಿಯರು ಹಣ ಕೈಸೇರುವ ಮೊದಲೇ ತೀರಿಕೊಂಡರು. ದೇಶಕ್ಕೆ ಆ ನೆಲೆ ಬೇಕಿತ್ತು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನೆಲ ಕೊಟ್ಟವರನ್ನು ಅಷ್ಟು ಕಾಲ ಕಾಯಿಸಿದ್ದು ಅನ್ಯಾಯ ಎಂಬುದರಲ್ಲೂ ಇಲ್ಲ.

ಈಗ ಎರಡನೆಯ ಹಂತದ ವಿಸ್ತರಣೆ ನಡೆದಿದೆ. 2025ರ ಏಪ್ರಿಲ್‌ನಲ್ಲಿ ಅದರ ಕೆಲವು ಕಾಮಗಾರಿಗಳ ಉದ್ಘಾಟನೆಯೂ ಆಯಿತು. ಹಡಗುಗಳು ಹೆಚ್ಚಾದಂತೆ ಇಲ್ಲಿನ ದುರಸ್ತಿ ಯಾರ್ಡಿಗೆ ವೆಲ್ಡರು, ಫಿಟ್ಟರು, ಎಲೆಕ್ಟ್ರಿಷಿಯನ್ನು, ಪೈಪ್ ಕೆಲಸದವರು, ಎಂಜಿನ್ ಬಲ್ಲವರು ನೂರಾರು ಮಂದಿ ಬೇಕಾಗುತ್ತಾರೆ. ಯುದ್ಧನೌಕೆಯ ಕೆಲಸ ಕಲಿಯಲು ಅವರಿಗೆ ಐದಾರು ವರ್ಷವಾದರೂ ಹಿಡಿಯುತ್ತದೆ. ಅವರನ್ನು ಇಂದಿನಿಂದಲೇ ತಯಾರು ಮಾಡುವುದಾದರೆ ಕಾರವಾರ, ಅಂಕೋಲಾದ ಐಟಿಐಗಳಿಂದ, ನಿರಾಶ್ರಿತರ ಕಾಲೊನಿಗಳ ಹುಡುಗ ಹುಡುಗಿಯರಿಂದ ಶುರು ಮಾಡಲಿ. ರಾಜ್ಯ ಸರ್ಕಾರ ಮತ್ತು ನೌಕಾಪಡೆ ಕೂತು ಮಾತಾಡಿದರೆ ಒಂದು ಶೈಕ್ಷಣಿಕ ವರ್ಷದೊಳಗೆ ಆಗುವ ಕೆಲಸ ಇದು.